ಊರೇ ಕಾಪಿ ಪುಸ್ತಕ: ಬೀದಿಯಿಂದ ಅಕ್ಷರ ಕಲಿಯುವವರಿಗೆ

2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಅಂಗಡಿಗಳ ಬೋರ್ಡುಗಳು ಸಾಲುಸಾಲಾಗಿ ಬದಲಾದವು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂಬ ನಿಯಮ ಪಾಲಿಸಲು ನಗರ ಪಾಲಿಕೆ ಬಿಬಿಎಂಪಿ ಕೊಟ್ಟಿದ್ದ ಗಡುವು ಆ ತಿಂಗಳ 28ಕ್ಕೆ ಮುಗಿಯುವುದಿತ್ತು. ಕನ್ನಡ ದೊಡ್ಡದಾಯಿತು, ಮೇಲಕ್ಕೂ ಬಂತು. ಸಂತೋಷದ ಸಂಗತಿಯೇ. ಆದರೆ ಹಾಗೆ ಬಂದ ಅಕ್ಷರಗಳಲ್ಲಿ ಬಹುಪಾಲು ಕಂಪ್ಯೂಟರಿನ ನಾಲ್ಕಾರು ಫಾಂಟುಗಳಿಂದ ಇಳಿದವು. ಔಷಧದಂಗಡಿ, ಒಡವೆ ಅಂಗಡಿ, ಬಿರಿಯಾನಿ ಹೋಟೆಲು ಮೂರರ ನೆತ್ತಿಯ ಮೇಲೂ ಅದೇ ‘ರ’, ಅದೇ ತಲೆಕಟ್ಟು.

ಇನ್ನೊಂದು ಕಡೆ, ಕೈಯಾರೆ ಅಕ್ಷರ ಬರೆಯಬೇಕೆಂಬ ಹಂಬಲವಿರುವ ಎಳೆಯರು ಕಾಫಿ ಅಂಗಡಿಯ ಗೋಡೆ, ಪುಸ್ತಕದ ರಕ್ಷಾಪುಟ, ಸಿನಿಮಾದ ಶೀರ್ಷಿಕೆ, ಮದುವೆಯ ಕರೆಯೋಲೆಗಳಲ್ಲಿ ಕೈಯಾಡಿಸುತ್ತಿದ್ದಾರೆ. ಇವರಲ್ಲಿ ಅನೇಕರ ಮೊದಲ ಪಾಠ ಮೊಬೈಲಿನಲ್ಲಿ ಕಂಡ ಇಂಗ್ಲಿಷ್ ಲೆಟರಿಂಗ್. ಅಲ್ಲಿನ ಬಳುಕನ್ನು ತಂದು ಕನ್ನಡದ ಮೇಲೆ ಹೊದಿಸಿದರೆ ಅಕ್ಷರ ಚೆಂದ ಕಾಣಬಹುದು, ಆದರೆ ಅದು ಯಾವ ಊರಿನದೂ ಆಗುವುದಿಲ್ಲ. ಬೀದಿಯಲ್ಲಿ ಕಣ್ಣು ಸೆಳೆಯುವ ಅಕ್ಷರಕ್ಕೆ ಜೀವ ಬಂದಿರುವುದು ಅದು ನಿಂತ ಜಾಗ, ಬರೆದ ಕುಂಚ, ಓದುವವರು ಇರುವ ದೂರ, ಬರೆದವರಿಗೆ ಸಿಕ್ಕ ಸಮಯ ಇವುಗಳಿಂದ. ಅಲಂಕಾರ ಆಮೇಲೆ ಬಂದದ್ದು. ಕಲಿಯುವವರು ಹೊರಡಬೇಕಾದದ್ದೂ ಅಲ್ಲಿಂದಲೇ.

ಎಲ್ಲಿ ನೋಡುವುದು, ಏನು ಬರೆದುಕೊಳ್ಳುವುದು

ಬೆಂಗಳೂರಿನ ಹಳೇ ಪೇಟೆ ಈ ಕಲಿಕೆಗೆ ಹೇಳಿ ಮಾಡಿಸಿದ ಜಾಗ. ಅವೆನ್ಯೂ ರಸ್ತೆ, ಚಿಕ್ಕಪೇಟೆ, ಬಳೇಪೇಟೆಯ ಗಲ್ಲಿಗಳಲ್ಲಿ ಎನಾಮೆಲ್ ಬಣ್ಣದಲ್ಲಿ ಬರೆದ ತಗಡಿನ ಬೋರ್ಡು, ಹಲಗೆಯ ಮೇಲೆ ಕೂರಿಸಿದ ಮರದ ಅಕ್ಷರ, ಗಾರೆಯಲ್ಲೇ ಎಬ್ಬಿಸಿದ ಕಟ್ಟಡದ ಹೆಸರು ಎಲ್ಲವೂ ಹುಡುಕಿದವರಿಗೆ ಇನ್ನೂ ಸಿಗುತ್ತವೆ. ಮಲ್ಲೇಶ್ವರ, ಬಸವನಗುಡಿಯ ಅಡ್ಡರಸ್ತೆಗಳಲ್ಲಿ ಕಾಂಪೌಂಡಿನ ಕಲ್ಲಿನ ಮೇಲೆ ಮನೆಯ ಹೆಸರು ಕೊರೆದಿರುತ್ತಾರೆ. ಲಾರಿಗಳ ಹಿಂದೆ ಕುಂಚದ ಬರಹ, ಆಟೋಗಳ ಹಿಂದೆ ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದ ರೇಡಿಯಂ ಬರಹ. ಉಳಿಯ ಅಕ್ಷರದ ತುದಿ ಚೂಪಾಗುತ್ತದೆ, ಕುಂಚದ ಅಕ್ಷರದ ತುದಿ ದುಂಡಗಾಗುತ್ತದೆ, ಬ್ಲೇಡಿನ ಅಕ್ಷರ ಕನ್ನಡದ ಸುತ್ತುಗಳನ್ನೂ ಮೂಲೆ ಮೂಲೆಯಾಗಿ ಮುರಿದು ಹಾಕುತ್ತದೆ. ಆಟೋ ಅಕ್ಷರದ ಆ ಒರಟು ಗತ್ತು ಬಂದಿರುವುದು ಬ್ಲೇಡಿನಿಂದ ಎಂದು ತಿಳಿದ ಮೇಲೆ ಅದನ್ನು ನಕಲು ಮಾಡಬೇಕಾಗಿಲ್ಲ. ಬ್ಲೇಡು, ಬಣ್ಣದ ಕಾಗದ ಹಿಡಿದು ಕೂತರೆ ತಾನಾಗಿ ಬರುತ್ತದೆ.

ಇನ್ನೂ ಹಿಂದಕ್ಕೆ ಹೋಗುವ ಆಸೆ ಇರುವವರಿಗೆ ಹೆಬ್ಬಾಳದಲ್ಲಿ ಕ್ರಿ.ಶ. ಸುಮಾರು 750ರ ಕಿತ್ತಯ್ಯನ ವೀರಗಲ್ಲಿದೆ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ‘ಬೆಂಗಳೂರು’ ಎಂಬ ಹೆಸರನ್ನೇ ಹೊತ್ತ, ಸುಮಾರು 890ರ ಶಾಸನವಿದೆ. ಮಿಥಿಕ್ ಸೊಸೈಟಿಯ ತಂಡವೊಂದು ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಾಡುತ್ತಿದೆ. ಬರಿಗಣ್ಣಿಗೆ ಸವೆದಂತೆ ಕಾಣುವ ಅಕ್ಷರದ ಏಟು ಅಲ್ಲಿ ಒಂದೊಂದಾಗಿ ಕಾಣುತ್ತದೆ. ಹಳಗನ್ನಡ ಓದಲು ಬರಬೇಕಾಗಿಲ್ಲ. ಕಲ್ಲಿನಲ್ಲಿ ಸುತ್ತು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದಕ್ಕೆ ಕಣ್ಣು ಸಾಕು.

ಇಂಥ ನಡಿಗೆಯನ್ನೇ ಕೆಲಸ ಮಾಡಿಕೊಂಡವರಿದ್ದಾರೆ. ಮುಂಬಯಿಯಲ್ಲಿ ಅಕ್ಷರ ವಿನ್ಯಾಸಕಿ ತಾನ್ಯಾ ಜಾರ್ಜ್ ಜನರನ್ನು ಕರೆದುಕೊಂಡು ಬೀದಿಯ ಬೋರ್ಡುಗಳನ್ನು ಓದಿಸುತ್ತಾ ನಡೆಯುತ್ತಾರೆ. ದೆಹಲಿಯ ಪೂಜಾ ಸಕ್ಸೇನಾ ಭಾರತದ ಊರೂರುಗಳ ಬೀದಿ ಅಕ್ಷರಗಳನ್ನು ವರ್ಷಗಳಿಂದ ದಾಖಲಿಸುತ್ತಾ ಬಂದಿದ್ದಾರೆ.

ನೋಡುವಾಗ ಫೋಟೊ ಒಂದನ್ನೇ ನಂಬಬಾರದು. ಬೋರ್ಡಿನ ನೇರಕ್ಕೆ ನಿಂತು ಒಂದು ಫೋಟೊ, ರಸ್ತೆಯ ಆಚೆ ಬದಿಯಿಂದ ಒಂದು ಫೋಟೊ ತೆಗೆದುಕೊಂಡು, ಆಮೇಲೆ ಅಲ್ಲೇ ನಿಂತು ಪೆನ್ಸಿಲಿನಲ್ಲಿ ಅಕ್ಷರವನ್ನು ಬಿಡಿಸಬೇಕು. ಕೈ ಓಡಿದಾಗ ಮಾತ್ರ ಬರೆದವರು ಕುಂಚವನ್ನು ಎಲ್ಲಿ ಎತ್ತಿದರು, ಎಲ್ಲಿ ತಿರುಗಿಸಿದರು ಎಂಬುದು ಗೊತ್ತಾಗುತ್ತದೆ. ಪಕ್ಕದಲ್ಲಿ ಬರೆದುಕೊಳ್ಳಬೇಕಾದದ್ದು: ಬರೆದದ್ದು ಯಾವುದರ ಮೇಲೆ, ಯಾವುದರಿಂದ, ಎಷ್ಟು ದೂರದಿಂದ ಓದಲು ಬರುತ್ತದೆ, ಬಿಸಿಲು ಮಳೆಗೆ ಯಾವ ಬಣ್ಣ ಮೊದಲು ಮಾಸಿದೆ. ಅಂಗಡಿಯವರನ್ನು ಒಂದು ಮಾತು ಕೇಳಿ ಫೋಟೊ ತೆಗೆಯುವುದು ಮರ್ಯಾದೆ. ಎಷ್ಟೋ ಸಲ ಬೋರ್ಡು ಬರೆದವರ ಹೆಸರು, ಬರೆದ ಕಾಲ ತಿಳಿಯುವುದೂ ಆ ಮಾತಿನಿಂದಲೇ.

ಕನ್ನಡ ಅಕ್ಷರದ ಮೈ

ಇಂಗ್ಲಿಷಿನ ದೊಡ್ಡ ಅಕ್ಷರಗಳು ಎರಡು ಗೆರೆಗಳ ನಡುವೆ ಸುಮ್ಮನೆ ನಿಲ್ಲುತ್ತವೆ. ಕನ್ನಡದ ಸಾಲಿಗೆ ಮೂರು ಅಂತಸ್ತು. ನಡುವೆ ಅಕ್ಷರದ ಮೈ, ಮೇಲೆ ಗುಡಿಸು, ಏತ್ವಗಳು, ಕೆಳಗೆ ಒತ್ತು. ಹೊಸಬರು ಎಡವುವುದು ಬಹಳ ಮಟ್ಟಿಗೆ ಇಲ್ಲೇ. ಮೈಯನ್ನು ದೊಡ್ಡದಾಗಿ ಬರೆದುಬಿಟ್ಟು, ಒತ್ತಿಗೆ ಜಾಗ ಸಾಲದೆ ಅದನ್ನು ಬೋರ್ಡಿನ ಅಂಚಿಗೆ ಒತ್ತಿ ಕುಳ್ಳಿರಿಸುತ್ತಾರೆ.

ಆದ್ದರಿಂದ ಬರೆಯುವ ಮೊದಲು ಹೆಸರನ್ನು ಅಳೆಯಬೇಕು. 18 ಇಂಚು ಎತ್ತರದ ಬೋರ್ಡು ಎಂದುಕೊಳ್ಳೋಣ. ಮೇಲೆ ಕೆಳಗೆ ಎರಡೆರಡು ಇಂಚು ಖಾಲಿ ಬಿಟ್ಟರೆ 14 ಉಳಿಯಿತು. ‘ಚಿಕ್ಕಪೇಟೆ’ ಎಂದು ಬರೆಯುವುದಾದರೆ ಮೈಗೆ 8, ಕೆಳಗಿನ ‘ಕ’ ಒತ್ತಿಗೆ 4, ಮೇಲಿನ ಗುಡಿಸು ಏತ್ವಗಳಿಗೆ 2 ಇಂಚು ಇಟ್ಟುಕೊಳ್ಳಬಹುದು. ‘ಶಿವಾಜಿನಗರ’ ಎಂದಾದರೆ ಒತ್ತೇ ಇಲ್ಲ. ಮೈಯನ್ನು 11 ಇಂಚಿಗೆ ಏರಿಸಿದರೂ ನಡೆಯುತ್ತದೆ. ಎರಡೂ ಹೆಸರನ್ನು ಒಂದೇ ಅಳತೆಯಲ್ಲಿ ಬರೆಯುವ ಫಾಂಟಿಗೆ ಈ ಸ್ವಾತಂತ್ರ್ಯ ಇಲ್ಲ.

ಒತ್ತು ಕೈಬರಹದವರ ಪಾಲಿಗೆ ತೊಡಕಲ್ಲ, ಭಾಗ್ಯ. ‘ಮಲ್ಲೇಶ್ವರ’ ಎಂಬ ಹೆಸರನ್ನು ನೋಡಬೇಕು. ಮೊದಲ ಅಕ್ಷರಕ್ಕೂ ಕೊನೆಯ ಅಕ್ಷರಕ್ಕೂ ಒತ್ತಿಲ್ಲ, ನಡುವಿನ ಎರಡಕ್ಕೂ ಇದೆ. ಎರಡು ಒತ್ತುಗಳನ್ನೂ ಒಂದೇ ಗಾತ್ರ, ಒಂದೇ ಮಟ್ಟದಲ್ಲಿ ಬರೆದರೆ ಕೆಳಗೆ ಇನ್ನೊಂದು ಪುಟ್ಟ ಸಾಲು ಮೂಡಿದಂತಾಗಿ ಕಣ್ಣು ಅತ್ತ ಜಾರುತ್ತದೆ. ‘ಲ’ ಒತ್ತನ್ನು ಕೊಂಚ ಅಗಲ ಮಾಡಿ, ‘ವ’ ಒತ್ತನ್ನು ಅದಕ್ಕೆ ಆನಿಸಿದಂತೆ ಬರೆದರೆ ಹೆಸರಿನ ನಡುಭಾಗಕ್ಕೆ ಒಂದು ತಳಹದಿ ಸಿಗುತ್ತದೆ. ಹೆಸರು ಗಟ್ಟಿಯಾಗಿ ಕೂರುತ್ತದೆ. ‘ಮೆಜೆಸ್ಟಿಕ್’ ಇದಕ್ಕೆ ಪೂರ್ತಿ ಬೇರೆ. ಮೊದಲೆರಡು ಅಕ್ಷರಗಳ ತಲೆಯ ಮೇಲೆ ಏತ್ವ, ಮೂರನೆಯದಕ್ಕೆ ಮೇಲೆ ಗುಡಿಸು ಕೆಳಗೆ ಒತ್ತು, ಕೊನೆಯಲ್ಲಿ ಅರ್ಧಾಕ್ಷರದ ಬಾಲ ಬಲಕ್ಕೆ ಮೇಲೇರುತ್ತದೆ. ಹೆಸರೇ ಎಡದಿಂದ ಬಲಕ್ಕೆ ಓಡುತ್ತದೆ. ಇಡೀ ಪದವನ್ನು ತುಸು ವಾಲಿಸಿ ಆ ಬಾಲವನ್ನು ಉದ್ದಕ್ಕೆ ಎಳೆದರೆ ಬಸ್ ನಿಲ್ದಾಣದ ಧಾವಂತ ತಾನಾಗಿ ಬಂದುಬಿಡುತ್ತದೆ. ಬೇರೆ ಅಲಂಕಾರ ಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ಗುರು ‘ಶ್ರೀ’. ಅರ್ಧ ಊರಿನ ಬೋರ್ಡುಗಳು ಅದರಿಂದಲೇ ಶುರುವಾಗುತ್ತವೆ. ‘ರ’ ಒತ್ತಿನ ಸುತ್ತನ್ನು ಒಬ್ಬರು ತೊಟ್ಟಿಲಿನಂತೆ ಕೆಳಗೆ ಹಾಸುತ್ತಾರೆ, ಇನ್ನೊಬ್ಬರು ಅದನ್ನು ಎಡಕ್ಕೆ ಎಳೆದು ಇಡೀ ಅಕ್ಷರವನ್ನು ಬಳಸಿ ಮೇಲಕ್ಕೆ ತರುತ್ತಾರೆ, ಮತ್ತೊಬ್ಬರು ಮುಂದಿನ ಹೆಸರಿನ ಅಡಿಗೆರೆಯಾಗಿಸುತ್ತಾರೆ. ನೂರು ಬೋರ್ಡಿನ ‘ಶ್ರೀ’ಗಳನ್ನು ಒಂದೇ ಪುಸ್ತಕದಲ್ಲಿ ಬಿಡಿಸಿಕೊಂಡವರಿಗೆ ಒತ್ತಿನ ವಿಷಯದಲ್ಲಿ ಬೇರೆ ತರಗತಿ ಬೇಕಾಗುವುದಿಲ್ಲ.

ತಲೆಕಟ್ಟಿನ ಲಯ ಇನ್ನೊಂದು ಪಾಠ. ‘ನಗರ’ ಎಂದು ಬರೆದರೆ ಮೂರು ತಲೆಕಟ್ಟುಗಳು ಸಾಲಾಗಿ ಬರುತ್ತವೆ. ‘ಬಲ’ ಎಂದರೆ ಒಂದೂ ಇಲ್ಲ. ‘ಜ’, ‘ಣ’ಗಳಿಗೂ ಇಲ್ಲ. ತಲೆಕಟ್ಟನ್ನು ಬಹಳ ದಪ್ಪ ಮಾಡಿ ಮೆರೆಸುವ ಶೈಲಿ ‘ನಗರ’ಕ್ಕೆ ಒಪ್ಪಿದಂತೆ ‘ಬಾಳೆಹಣ್ಣು’ ಎಂಬುದಕ್ಕೆ ಒಪ್ಪದೆ ಹೋಗಬಹುದು. ಶೈಲಿಯನ್ನು ಮೊದಲೇ ಆರಿಸಿಕೊಂಡು ಹೆಸರನ್ನು ಅದರೊಳಗೆ ತುರುಕುವ ಬದಲು, ಹೆಸರಿನಲ್ಲಿ ಏನೇನು ಬಂದಿದೆ ಎಂದು ನೋಡಿ ಶೈಲಿ ಕಟ್ಟಿಕೊಳ್ಳುವುದು ಜಾಣತನ. ಓದಲು ಬರುವುದರ ಕಡೆಗೂ ಒಂದು ಕಣ್ಣಿರಬೇಕು. ‘ದ’, ‘ಧ’, ‘ಥ’ಗಳ ನಡುವಿನ ಅಂತರ ಒಂದು ಸಣ್ಣ ಸೀಳು, ಒಂದು ಚುಕ್ಕಿ. ಗೆರೆ ದಪ್ಪವಾದಂತೆ ಮೊದಲು ಮುಚ್ಚಿಹೋಗುವುದು ಅವೇ. ಆಗ ‘ಧನಲಕ್ಷ್ಮಿ’ ‘ದನಲಕ್ಷ್ಮಿ’ಯಾಗುತ್ತಾಳೆ, ಬರೆದವರ ಹೆಸರು ಕೆಡುತ್ತದೆ.

ಕಂಪ್ಯೂಟರಿನ ಅಕ್ಷರವನ್ನು ಕೈಬರಹದ ಶತ್ರು ಎಂದು ತಿಳಿಯಬೇಕಾಗಿಲ್ಲ. ವಿಂಡೋಸ್ ಕಂಪ್ಯೂಟರುಗಳಲ್ಲಿ ಕನ್ನಡಿಗರು ಬಹುಕಾಲ ಓದಿದ ‘ತುಂಗಾ’ ಫಾಂಟನ್ನು ರೂಪಿಸಿದವರು ಮುಂಬಯಿಯ ಆರ್. ಕೆ. ಜೋಶಿ. ಜೀವನವಿಡೀ ಲೇಖನಿ ಹಿಡಿದ ಅಕ್ಷರ ಕಲಾವಿದ ಅವರು. ಆದರೆ ಫಾಂಟು ಎಲ್ಲ ಊರಿಗೂ, ಎಲ್ಲ ಹೆಸರಿಗೂ ಸಲ್ಲುವಂತೆ ಮಾಡಿದ್ದು. ಕೈ ಬರೆಯುವುದು ಒಂದು ಹೆಸರಿಗೆ, ಒಂದು ಗೋಡೆಗೆ.

ಬೇರೆ ಊರುಗಳು ಕಲಿಸಿದ್ದು

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ‘ಫಿಲೆತೆಯಾದೊ’ ಎಂಬ ಬೀದಿ ಕಲೆಯಿದೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಸಾಮಾನು ಸಾಗಿಸುತ್ತಿದ್ದ ಕುದುರೆ ಗಾಡಿಗಳ ಹಲಗೆಯ ಮೇಲೆ ಹುಟ್ಟಿ, ಲಾರಿಗಳಿಗೂ ನಗರದ ಬಸ್ಸುಗಳಿಗೂ ಹಬ್ಬಿತು. ಸುರುಳಿ ಎಲೆ, ಹೂವು, ಹಕ್ಕಿ, ಡ್ರ್ಯಾಗನ್ನುಗಳ ನಡುವೆ ನೆರಳಿಟ್ಟು ಬರೆದ ಅಕ್ಷರಗಳು, ಜೊತೆಗೆ ಗಾಡಿಯವನ ಮನದ ಮಾತೋ ಗಾದೆಯೋ. ನಮ್ಮ ಲಾರಿಗಳ ಹಿಂದಿನ ಬರಹ ನೋಡಿದವರಿಗೆ ಇದು ಬಳಗದ ಕಲೆ ಎನಿಸದೆ ಇರದು. 1975ರಲ್ಲಿ ಬಸ್ಸುಗಳ ಮೇಲೆ ಇದನ್ನು ಬರೆಯಬಾರದೆಂದು ಸರ್ಕಾರ ನಿಷೇಧ ಹೇರಿತು; ಮಾರ್ಗದ ಸಂಖ್ಯೆ ಓದಲು ಜನರಿಗೆ ತೊಡಕಾಗುತ್ತದೆ ಎಂಬುದು ಕೊಟ್ಟ ಕಾರಣ. ಬಸ್ಸು ಕೈತಪ್ಪಿದ ಮೇಲೆ ಕಲಾವಿದರು ಅಂಗಡಿ ಮುಂಗಟ್ಟಿಗೆ, ಚಿತ್ರಫಲಕಕ್ಕೆ, ಸಂಗೀತದ ಆಲ್ಬಮ್ಮುಗಳ ಹೊದಿಕೆಗೆ ಬಂದರು. ಮಾರ್ತಿನಿಯಾನೊ ಆರ್ಸೆ ಆ ಕಲೆಯ ಹೆಸರಾಂತ ಕೈ. ಆಲ್ಫ್ರೆದೊ ಹೆನೊವೆಸೆ ತರಗತಿ ನಡೆಸಿ, ಪುಸ್ತಕ ಬರೆದು ಹೊಸಬರನ್ನು ತಯಾರು ಮಾಡಿದವರು. 2015ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದರಿಂದ ಕೆಲಸಕ್ಕೆ ಬರುವ ಪಾಠ ಒಂದಿದೆ. ಗಾಡಿಯ ಹಲಗೆ ಉದ್ದನೆಯ ಪಟ್ಟಿ. ಹಾಗಾಗಿ ಚಿತ್ತಾರ ನಡುವಿನಿಂದ ಎರಡೂ ಬದಿಗೆ ಸಮನಾಗಿ ಹರಡಿತು. ಅರ್ಧ ಚಿತ್ರವನ್ನು ಕಾಗದದ ಮೇಲೆ ಬರೆದು ಗೆರೆಯುದ್ದಕ್ಕೂ ತೂತು ಚುಚ್ಚಿ, ಪುಡಿ ಬಡಿದು, ಕಾಗದ ಮಗುಚಿ ಇನ್ನರ್ಧ ಮೂಡಿಸುತ್ತಾರೆ. ಶೈಲಿ ಎಂದು ಇವತ್ತು ಕರೆಯುವ ಆ ಸಮತೋಲ ಹಲಗೆಯೂ ಕಾಗದವೂ ಸೇರಿ ಕೊಟ್ಟದ್ದು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 2009ರಲ್ಲಿ ಕಲಾವಿದ ಸ್ಟೀವ್ ಪವರ್ಸ್ ಮಾಡಿದ ಕೆಲಸ ಬೇರೆಯೇ ತರಹದ್ದು. ಕಂಬಗಳ ಮೇಲೆ ಸಾಗುವ ನಗರ ರೈಲಿನ ಕಿಟಕಿಯಿಂದ ಕಾಣುವ 50 ಗೋಡೆಗಳ ಮೇಲೆ ಅವರೂ ಸಂಗಡಿಗರೂ ಪ್ರೀತಿಯ ಪತ್ರದ ಸಾಲುಗಳನ್ನು ಬರೆದರು. ಮಾತುಗಳನ್ನು ಹೊಸೆದದ್ದು ಆ ಭಾಗದ ನಿವಾಸಿಗಳ ಜೊತೆ ಮಾತಾಡಿ. ಓಡುವ ರೈಲಿನಿಂದ ಓದಬೇಕಾದ್ದರಿಂದ ಗೋಡೆಗೆ ಕೆಲವೇ ಪದ, ದಪ್ಪ ಅಕ್ಷರ, ಗಾಢ ಬಣ್ಣ. ಬೆಂಗಳೂರಿನಲ್ಲಿ 2011ರಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೆಟ್ರೊ ಓಡತೊಡಗಿದಾಗಿನಿಂದ ಮನೆಗಳ ಹಿಂಗೋಡೆ, ಮಹಡಿಯ ತುದಿ, ನೀರಿನ ಟ್ಯಾಂಕುಗಳು ಸಾವಿರಾರು ಜನರ ಕಣ್ಣಮಟ್ಟಕ್ಕೆ ಬಂದಿವೆ. ಕನ್ನಡದಲ್ಲಿ ಅಂಥದ್ದನ್ನು ಬರೆಯಲು ಹೊರಡುವವರಿಗೆ ಜಾಗದ ಕೊರತೆಯಂತೂ ಇಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಕಲಾವಿದೆ ಮಾರ್ಗರೆಟ್ ಕಿಲ್ಗ್ಯಾಲನ್ (1967–2001) ಗ್ರಂಥಾಲಯದಲ್ಲಿ ಹಳೆಯ ಪುಸ್ತಕ ರಿಪೇರಿ ಮಾಡುತ್ತಾ ಹಳೆಯ ಅಕ್ಷರಗಳ ಸಹವಾಸ ಮಾಡಿದವರು. ಆಕೆ ತಮ್ಮ ಬಡಾವಣೆಯ ಕೈಬರಹದ ಬೋರ್ಡುಗಳನ್ನು ಪ್ರೀತಿಸುತ್ತಿದ್ದರು. ಗೋಡೆ ತುಂಬ ಬರೆಯುವಾಗ ಅಳತೆಪಟ್ಟಿ ಬಳಸದೆ ನೇರ ಗೆರೆ ಎಳೆಯಲು ಯತ್ನಿಸುತ್ತಿದ್ದರು. ದೂರದಿಂದ ನೇರವಾಗಿಯೇ ಕಾಣುವ ಗೆರೆ ಹತ್ತಿರ ಹೋದರೆ ಅಲುಗುತ್ತದೆ; ಚೆಲುವು ಆ ಅಲುಗಿನಲ್ಲಿದೆ ಎಂಬುದು ಅವರ ನಂಬಿಕೆ. ಇದನ್ನು ಕಲಿಯುವವರು ಸರಿಯಾಗಿ ತಿಳಿಯಬೇಕು. ಬೇಕೆಂದೇ ಸೊಟ್ಟ ಬರೆಯುವುದಕ್ಕೂ, ನೇರ ಬರೆಯಲು ಮನಸಾರೆ ಯತ್ನಿಸಿದಾಗ ಉಳಿಯುವ ಅಲುಗಿಗೂ ಅಜಗಜಾಂತರ. ಮೊದಲನೆಯದನ್ನು ನೋಡುಗರು ಕ್ಷಣದಲ್ಲಿ ಹಿಡಿಯುತ್ತಾರೆ.

ಬೆಂಗಳೂರಿನಲ್ಲೇ 2016ರಲ್ಲಿ ಶುರುವಾದ ಅರವಾನಿ ಆರ್ಟ್ ಪ್ರಾಜೆಕ್ಟ್, ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರನ್ನು ಜೊತೆಗೂಡಿಸಿಕೊಂಡು ಗೋಡೆಗಳಿಗೆ ಬಣ್ಣ ಹಚ್ಚುತ್ತಿದೆ. ಊರು ಕಂಡೂ ಕಾಣದಂತೆ ನಡೆಸಿಕೊಂಡ ಈ ಮಹಿಳೆಯರು ‘ನಾವೂ ಇದ್ದೇವೆ’ ಎಂಬ ಮಾತನ್ನೇ ಪೇಟೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದರು. ಅಲ್ಲಿ ಅಕ್ಷರದ ಗಾತ್ರವೇ ಅರ್ಥ.

ಮೊದಲ ಬೋರ್ಡು

ಕಾಗದದ ಮೇಲೆ ಕೈ ಪಳಗಿದವರು ಎರಡಡಿ ಉದ್ದ, ಒಂದಡಿ ಎತ್ತರದ ತಗಡು ಅಥವಾ ಪ್ಲೈವುಡ್ ಹಲಗೆಯಿಂದ ಶುರು ಮಾಡಬಹುದು. ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಹಿನ್ನೆಲೆ ಬಣ್ಣ ಎರಡು ಸಲ ಹಚ್ಚಬೇಕು. ಪ್ರತಿ ಸಲವೂ ಒಂದು ರಾತ್ರಿ ಒಣಗಲು ಬಿಡುವುದು ಕ್ಷೇಮ. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ ನೋಡಲೇಬೇಕು. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಹಳೆಯ ಬೋರ್ಡನ್ನು ಉಜ್ಜುವಾಗ ಮಾತ್ರ ಈ ರಕ್ಷಣೆ ಇಲ್ಲ. ಅದರ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮುಖಕ್ಕೆ ಮಾಸ್ಕ್ ಬೇಕು, ನೀರು ಚಿಮುಕಿಸಿ ಉಜ್ಜಬೇಕು, ಮಕ್ಕಳು ಹತ್ತಿರ ಸುಳಿಯಬಾರದು.

ಅಕ್ಷರದ ಗಾತ್ರಕ್ಕೆ ಬೋರ್ಡು ಬರೆಯುವವರ ಲೋಕದಲ್ಲಿ ಒಂದು ಹಳೆಯ ಲೆಕ್ಕವಿದೆ. ಹತ್ತು ಅಡಿ ದೂರಕ್ಕೆ ಒಂದು ಇಂಚು. ನಲವತ್ತು ಅಡಿ ರಸ್ತೆಯ ಆಚೆಯಿಂದ ಸಲೀಸಾಗಿ ಓದಬೇಕಾದರೆ ಅಕ್ಷರ ನಾಲ್ಕು ಇಂಚಾದರೂ ಇರಬೇಕು. ಕನ್ನಡದಲ್ಲಿ ಇದನ್ನು ಮೈಗೆ ಮಾತ್ರ ಅನ್ವಯಿಸಿ, ಒತ್ತಿನ ಎತ್ತರವನ್ನು ಬೇರೆಯಾಗಿ ಕೂಡಿಸಿಕೊಳ್ಳಬೇಕು. ಬಸ್ಸಿನಲ್ಲಿ, ಬೈಕಿನಲ್ಲಿ ಹೋಗುವವರು ಓದಬೇಕೆಂದಾದರೆ ಇನ್ನಷ್ಟು ದೊಡ್ಡದು ಬೇಕು.

ಬರಹವನ್ನು ಪೂರ್ಣ ಗಾತ್ರದಲ್ಲಿ ಮೊದಲು ಕಾಗದದ ಮೇಲೆ ಬಿಡಿಸಿಕೊಳ್ಳಬೇಕು. ಬೋರ್ಡಿನ ಮೇಲೆ ಅಡಿಗೆರೆ, ತಲೆಗೆರೆಗಳಿಗೆ ಚಾಕ್ ಪುಡಿ ಸವರಿದ ದಾರವನ್ನು ಬಿಗಿಯಾಗಿ ಹಿಡಿದು ನಡುವೆ ಎಳೆದು ಬಿಟ್ಟರೆ ನೇರ ಗೆರೆ ಬೀಳುತ್ತದೆ. ಬಡಗಿಗಳು, ಗಾರೆ ಕೆಲಸದವರು ಮಾಡುವುದೂ ಇದನ್ನೇ. ಕಾಗದದ ಅಕ್ಷರದ ಅಂಚಿನುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚಿ, ಬೋರ್ಡಿಗೆ ಅಂಟಿಸಿ, ಬಟ್ಟೆಯ ಗಂಟಿನಲ್ಲಿ ಕಟ್ಟಿದ ಪುಡಿಯನ್ನು ಮೆಲ್ಲಗೆ ಬಡಿಯಬೇಕು. ಕಪ್ಪು ಹಿನ್ನೆಲೆಗೆ ಚಾಕ್ ಪುಡಿ, ಬಿಳಿ ಹಿನ್ನೆಲೆಗೆ ಇದ್ದಿಲ ಪುಡಿ. ಬ್ಯೂನಸ್ ಐರಿಸ್‌ನ ಗಾಡಿಗಳಿಗೂ ನಮ್ಮೂರಿನ ಬೋರ್ಡಿಗೂ ಉಪಾಯ ಒಂದೇ.

ಕುಂಚ ಮೆತ್ತನೆ ಕೂದಲಿನದಾಗಿರಬೇಕು, ಚಪ್ಪಟೆಯಾಗಿರಬೇಕು. ಅಕ್ಷರದ ಗೆರೆ ಎಷ್ಟು ದಪ್ಪವೋ ಅಷ್ಟೇ ಅಗಲದ ಕುಂಚ ಹಿಡಿದರೆ ಒಂದೇ ಎಳೆತಕ್ಕೆ ಗೆರೆ ತುಂಬುತ್ತದೆ. ಸಣ್ಣ ಕುಂಚದಲ್ಲಿ ಅಂಚು ಬರೆದು ಒಳಗೆ ತುಂಬುವುದು ಬಣ್ಣ ಬಳಿದ ಚಿತ್ರವಾಗುತ್ತದೆಯೇ ಹೊರತು ಬರೆದ ಅಕ್ಷರವಾಗುವುದಿಲ್ಲ. ಎನಾಮೆಲ್ ತೀರಾ ಗಟ್ಟಿಯಿದ್ದರೆ ಕೆಲವು ಹನಿ ಟರ್ಪೆಂಟೈನ್ ಬೆರೆಸಿ, ಹಳೇ ಪತ್ರಿಕೆಯ ಮೇಲೆ ಎಳೆದು ನೋಡಬೇಕು. ಕುಂಚ ತಡೆಯದೆ ಜಾರಬೇಕು, ಗೆರೆ ಕೆಳಗೆ ಇಳಿಯಬಾರದು. ಕುಂಚವನ್ನು ಯಾವಾಗಲೂ ತಮ್ಮ ಕಡೆಗೆ ಎಳೆಯಬೇಕು, ತಳ್ಳಬಾರದು. ಕನ್ನಡದ ಸುತ್ತುಗಳನ್ನು ಒಂದೇ ಉಸಿರಿಗೆ ಬರೆಯುವ ಹಟ ಬೇಡ: ನೆತ್ತಿಯಿಂದ ಎಡಗಡೆಗೆ ಒಂದು ಅರ್ಧ, ಮತ್ತೆ ನೆತ್ತಿಯಿಂದ ಬಲಗಡೆಗೆ ಇನ್ನೊಂದರ್ಧ, ಎರಡೂ ಕೆಳಗೆ ಕೂಡಲಿ. ಕೈ ನಡುಗದಂತೆ ಎಡಗೈಯಲ್ಲಿ ಒಂದು ಕೋಲು ಹಿಡಿದು, ತುದಿಗೆ ಬಟ್ಟೆ ಸುತ್ತಿ ಬೋರ್ಡಿಗೆ ಆನಿಸಿ, ಅದರ ಮೇಲೆ ಬಲಗೈ ಊರಿದರೆ ಗಂಟೆಗಟ್ಟಲೆ ಬರೆಯಬಹುದು.

ಅಕ್ಷರಗಳ ನಡುವಿನ ಅಂತರವನ್ನು ಅಳತೆಪಟ್ಟಿಗೆ ಒಪ್ಪಿಸಬಾರದು. ‘ಠ’ದ ಪಕ್ಕ ‘ರ’ ಬಂದಾಗ ಎರಡು ದುಂಡುಗಳ ಮೂಲೆಗಳಲ್ಲಿ ತಾನಾಗಿ ಖಾಲಿ ಉಳಿಯುತ್ತದೆ, ಹತ್ತಿರ ತರಬಹುದು. ಇಳಿ ಅಥವಾ ದೀರ್ಘ ಬಂದ ಕಡೆ ತುಸು ಬಿಡಬೇಕು. ಬರೆದ ಕಾಗದವನ್ನು ತಲೆಕೆಳಗಾಗಿ ಹಿಡಿದು ನೋಡುವುದು ಒಳ್ಳೆಯ ಅಭ್ಯಾಸ. ಓದಲು ಬಾರದೆ ಇದ್ದಾಗ ಕಣ್ಣಿಗೆ ಖಾಲಿ ಜಾಗವೇ ಕಾಣುತ್ತದೆ.

ಇನ್ನು ಶೇಡು. ಅಕ್ಷರದ ಒಂದು ಬದಿಗೆ, ಕೆಳಕ್ಕೆ ನೆರಳು ಕೊಟ್ಟರೆ ಅದು ಬೋರ್ಡಿನಿಂದ ಎದ್ದು ನಿಲ್ಲುತ್ತದೆ. ಕನ್ನಡಕ್ಕೆ ಎಡಗಡೆಯ ನೆರಳೇ ವಾಸಿ. ಒತ್ತುಗಳು ಕೂರುವುದು ಅಕ್ಷರದ ಕೆಳಗೆ ಬಲಕ್ಕೆ. ನೆರಳನ್ನೂ ಅಲ್ಲೇ ಇಟ್ಟರೆ ಎರಡೂ ಗುದ್ದಾಡುತ್ತವೆ. ಅಕ್ಷರಕ್ಕೂ ನೆರಳಿಗೂ ನಡುವೆ ಹಿನ್ನೆಲೆ ಬಣ್ಣದ ಸಣ್ಣ ಎಳೆಯೊಂದನ್ನು ಬಿಟ್ಟರೆ ಕೆಲಸ ಇನ್ನೂ ಚೊಕ್ಕ.

ಗೋಡೆಯ ಮೇಲೆ ಬರೆಯುವವರು ಕಾಲ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ನೀರು ಕುಡಿದ ಗೋಡೆಯ ಮೇಲೆ ಬಣ್ಣ ನಿಲ್ಲುವುದಿಲ್ಲ, ಕೆಲವೇ ತಿಂಗಳಲ್ಲಿ ಹಪ್ಪಳೆ ಏಳುತ್ತದೆ. ಹೊಸ ಗಾರೆಯಾದರೆ ಒಂದು ತಿಂಗಳಾದರೂ ಆರಬೇಕು. ಸುಣ್ಣ ಬಳಿದ ಗೋಡೆಯನ್ನು ಕೆರೆದು ತೊಳೆದ ಮೇಲೇ ಪ್ರೈಮರ್.

ಬರೆಯುತ್ತಿರುವವರ ಬಳಿಗೆ

ಹನೀಫ್ ಕುರೇಶಿ ಗುಜರಾತಿನಲ್ಲಿ ಬೋರ್ಡು ಬರೆಯುವವರನ್ನು ನೋಡುತ್ತಾ ಬೆಳೆದವರು, ಬರೋಡದಲ್ಲಿ ಕಲೆ ಓದಿದವರು. ದೆಹಲಿಯ ಜಾಹೀರಾತು ಲೋಕದಲ್ಲಿದ್ದಾಗ ಫ್ಲೆಕ್ಸ್ ಯಂತ್ರಗಳಿಂದ ಕೆಲಸ ಕಳೆದುಕೊಳ್ಳುತ್ತಿದ್ದ ಪೇಂಟರುಗಳನ್ನು ಹುಡುಕಿ, ಅವರವರ ಶೈಲಿಯಲ್ಲಿ ಪೂರ್ತಿ ಅಕ್ಷರಮಾಲೆ ಬರೆಸಿ, ಅದನ್ನು ಫಾಂಟ್ ಮಾಡುವ ‘ಹ್ಯಾಂಡ್‌ಪೇಂಟೆಡ್ ಟೈಪ್’ ಯೋಜನೆ ಆರಂಭಿಸಿದರು. ಫಾಂಟುಗಳಿಗೆ ‘ಪೇಂಟರ್ ಕಫೀಲ್’ ಎಂಬಂತೆ ಬರೆದವರ ಹೆಸರನ್ನೇ ಇಟ್ಟರು. ಮಾರಿದ ಹಣದಲ್ಲಿ ಅವರಿಗೆ ಪಾಲು ಕೊಟ್ಟರು. ಮುಂದೆ ಕುರೇಶಿ ಇತರರೊಡನೆ ಕಟ್ಟಿದ ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನ ದೆಹಲಿಯ ಲೋಧಿ ಕಾಲೊನಿಯ ಗೋಡೆಗಳನ್ನು ಬಯಲು ಗ್ಯಾಲರಿ ಮಾಡಿತು. 2024ರ ಸೆಪ್ಟೆಂಬರಿನಲ್ಲಿ ಕುರೇಶಿ ತೀರಿಕೊಂಡರು.

ಕರ್ನಾಟಕದಲ್ಲೂ ಅಂಥ ಕೈಗಳಿವೆ. ಗಾಂಧಿನಗರದ ಚಿತ್ರಮಂದಿರಗಳ ಎದುರು ನಿಲ್ಲುತ್ತಿದ್ದ ದೈತ್ಯ ಬ್ಯಾನರುಗಳನ್ನು ಬರೆದವರು ಫ್ಲೆಕ್ಸ್ ಬಂದ ಮೇಲೆ ಕೆಲಸವಿಲ್ಲದೆ ಕೂತರು. 2009ರಲ್ಲಿ ಬಿಬಿಎಂಪಿ ನಗರದ ಗೋಡೆಗಳ ಮೇಲೆ ಸ್ಮಾರಕ, ಕಾಡುಪ್ರಾಣಿಗಳ ಚಿತ್ರ ಬರೆಸಿದಾಗ ಕುಂಚ ಹಿಡಿದವರಲ್ಲಿ ಅವರಿದ್ದರು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು, 2018ರಲ್ಲಿ ಹೈಕೋರ್ಟಿನ ಕಟ್ಟುನಿಟ್ಟಿನ ಆದೇಶದ ಮೇಲೆ ಬೆಂಗಳೂರಿನ ಫ್ಲೆಕ್ಸುಗಳನ್ನು ಇಳಿಸಲಾಯಿತು. ಅಷ್ಟು ಹೊತ್ತಿಗೆ ಎಷ್ಟೋ ಪೇಂಟರುಗಳು ಬೇರೆ ಕಸುಬಿಗೆ ಹೋಗಿದ್ದರು. ತಾಲ್ಲೂಕು ಕೇಂದ್ರಗಳಲ್ಲಿ, ಲಾರಿ ಬಾಡಿ ಕಟ್ಟುವ ಶೆಡ್ಡುಗಳಲ್ಲಿ, ಶಾಲೆಯ ಗೋಡೆ ಬರೆಯುವ ಕಡೆ ಇನ್ನೂ ಕೆಲವರು ಸಿಗುತ್ತಾರೆ.

ಅವರ ಬಳಿ ಹೋಗುವವರು ಕೈ ಬೀಸಿಕೊಂಡು ಹೋಗಬಾರದು. ಒಂದು ದಿನ ಪಾಠ ಹೇಳಿಸಿಕೊಂಡರೆ ಆ ದಿನದ ಕೂಲಿ ಕೊಡಬೇಕು. ಅವರ ಒಂದು ದಿನದ ದುಡಿಮೆಯನ್ನು ಹಿಡಿದಿಟ್ಟಿರುತ್ತೇವಲ್ಲ. ಅವರ ಅಕ್ಷರವನ್ನು ಸ್ಕ್ಯಾನ್ ಮಾಡಿ ಟೀ ಶರ್ಟಿಗೋ ಪೋಸ್ಟರಿಗೋ ಹಾಕುವುದಾದರೆ ಮೊದಲು ಒಪ್ಪಿಗೆ ಪಡೆದು, ಹೆಸರು ಹಾಕಿ, ಹಣದಲ್ಲಿ ಪಾಲು ಕೊಡುವುದು ನ್ಯಾಯ. ಬೀದಿಯಲ್ಲಿ ಕಂಡದ್ದೆಲ್ಲ ಯಾರದೂ ಅಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು.

ಅನುಮತಿ, ದರ, ಸಹಿ

ಖಾಲಿ ಗೋಡೆ ಕಂಡ ಕೂಡಲೇ ಬರೆಯಲು ಕಾನೂನು ಬಿಡುವುದಿಲ್ಲ. ಸಾರ್ವಜನಿಕರಿಗೆ ಕಾಣುವ ಜಾಗಗಳನ್ನು ಬರಹ, ಭಿತ್ತಿಪತ್ರಗಳಿಂದ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆಯಿದೆ. ಖಾಸಗಿ ಗೋಡೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಸ್ಥಳೀಯ ಸಂಸ್ಥೆಯ ಅನುಮತಿಯೂ ಬೇಕೇ ಎಂದು ವಿಚಾರಿಸಬೇಕು. ಸರ್ಕಾರಿ ಗೋಡೆ, ಮೇಲ್ಸೇತುವೆಯ ಕಂಬಗಳಿಗೆ ಪಾಲಿಕೆಯ ಲಿಖಿತ ಅನುಮತಿ ಇಲ್ಲದೆ ಕುಂಚ ಮುಟ್ಟಿಸಬಾರದು. ಚುನಾವಣೆಯ ಹೊತ್ತಿನಲ್ಲಿ ಗೋಡೆ ಬರಹದ ಮೇಲೆ ಇನ್ನಷ್ಟು ಕಟ್ಟುಪಾಡುಗಳಿರುತ್ತವೆ.

ಹೊಸಬರಿಗೆ ಮೊದಲ ಕೆಲಸ ಸಿಗುವುದು ಹೆಚ್ಚಾಗಿ ಗುರುತಿನವರ ಅಂಗಡಿ, ಮನೆಯ ಗೇಟು, ಬಡಾವಣೆಯ ಗಣೇಶೋತ್ಸವದ ಬಟ್ಟೆ ಬ್ಯಾನರಿನಲ್ಲಿ. ಪ್ರತಿ ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಬರುವ ಜನಸಾಗರಕ್ಕೆ ಅಕ್ಷರದ ಕೆಲಸವನ್ನೂ ತೋರಿಸಬಹುದು. ಶೇ 60ರ ನಿಯಮದಿಂದಾಗಿ ಬೋರ್ಡು ಬದಲಿಸಬೇಕಾದ ಸಣ್ಣ ಅಂಗಡಿಗಳ ಬಳಿ ಹೋಗಿ, ಕೈಬರಹದ ಕನ್ನಡ ಹೇಗೆ ಕಾಣುತ್ತದೆಂದು ಕಾಗದದ ಮೇಲೆ ಬರೆದು ತೋರಿಸುವುದು ಎಲ್ಲಕ್ಕಿಂತ ನೇರ ದಾರಿ.

ದರವನ್ನು ಚದರಡಿಗೆ ಇಷ್ಟು, ಅಥವಾ ಅಕ್ಷರಕ್ಕೆ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳಬೇಕು. ಅಕ್ಷರದ ಲೆಕ್ಕವಾದರೆ ಒತ್ತನ್ನು ಬೇರೆ ಎಣಿಸುವುದೋ ಇಲ್ಲವೋ ಎಂಬುದೂ ಆಗಲೇ ತೀರ್ಮಾನವಾಗಲಿ, ‘ಶ್ರೀ ಲಕ್ಷ್ಮೀ ವೆಂಕಟೇಶ್ವರ’ ಎಂಬಂಥ ಹೆಸರಿನಲ್ಲಿ ಒತ್ತುಗಳೇ ಅರ್ಧ ಕೆಲಸ. ತಗಡು, ಬಣ್ಣ, ಏಣಿಯ ಖರ್ಚು ಯಾರದು, ಎರಡು ಮೂರು ವರ್ಷಗಳ ಮೇಲೆ ಬಣ್ಣ ಮಾಸಿದಾಗ ಮೇಲೆ ಇನ್ನೊಂದು ಕೈ ಹೊಡೆಯಲು ಎಷ್ಟು, ಬಿಸಿಲು ಬೀಳುವ ಬದಿಗೆ ಬೇಗ ಮಾಸುವ ಕೆಂಪು ಬೇಕೇ ಎಂದು ಚೀಟಿಯಲ್ಲಿ ಬರೆದಿಟ್ಟರೆ ಮುಂದೆ ಮನಸ್ತಾಪ ಇರುವುದಿಲ್ಲ. ಹಳೆಯ ಪೇಂಟರುಗಳು ಬೋರ್ಡಿನ ಕೆಳಮೂಲೆಯಲ್ಲಿ ಸಣ್ಣದಾಗಿ ತಮ್ಮ ಹೆಸರು, ಊರು ಬರೆಯುತ್ತಿದ್ದರು. ಹೊಸಬರೂ ಬರೆಯಬೇಕು, ಒಪ್ಪಂದದಲ್ಲೇ ಅದನ್ನು ಸೇರಿಸಿಕೊಳ್ಳಬೇಕು: ಮುಂದಿನ ಅಂಗಡಿಯವರು ಹುಡುಕಿಕೊಂಡು ಬರುವುದು ಆ ಹೆಸರನ್ನು ಓದಿಯೇ.